ಬಾಯಿಗೆ ಅಡ್ಡ ಹಿಡಿದ ಕೈ

ಗಂಗಾಮಣಿಯ ಮುಂದಿನ ಹಲ್ಲುಗಳು ಹೋದದ್ದು ಮೆಣಸಿನ ಏಣಿಯಿಂದ ಬಿದ್ದು. ಊರಿಗೆಲ್ಲ ಗೊತ್ತಿದ್ದದ್ದು ಮಾತ್ರ ಬಚ್ಚಲಲ್ಲಿ ಜಾರಿ ಬಿದ್ದಳು ಎಂದು. ಹಾಗೆ ಹೇಳಿದವಳು ಬೇರೆ ಯಾರೂ ಅಲ್ಲ, ಅವಳೇ. ಸಕಲೇಶಪುರದ ಆಸ್ಪತ್ರೆಯಲ್ಲಿ ಹೇಳಿದಳು. ತವರೂರು ಪಾಳ್ಯದಿಂದ ನೋಡಲು ಬಂದ ಅಣ್ಣನಿಗೂ ಹೇಳಿದಳು. ಹೇಳುವಾಗ ನೆಲ ನೋಡಿದಳು. ಹೆಗ್ಗದ್ದೆಯ ಆಚೆಗಿನ ಆ ಎಸ್ಟೇಟಿನ ಆಳುಗಳ ಸಾಲುಮನೆ, ಅಂದರೆ ಲೈನಿನಲ್ಲಿ ಜಾರಿ ಬೀಳುವಂಥ ಬಚ್ಚಲು ಯಾರ ಮನೆಗೂ ಇಲ್ಲ. ಹಿತ್ತಲಲ್ಲಿ ತಗಡು ನಿಲ್ಲಿಸಿ ಗೋಣಿ ಕಟ್ಟಿಕೊಂಡ ಮರೆ ಇದೆ, ಅದರ ನೆಲ ಮಣ್ಣು. ನುಣ್ಣನೆಯ ಹಾಸಿನ ಬಚ್ಚಲು ಇರುವುದು ಸಾಹುಕಾರರ ಬಂಗಲೆಯಲ್ಲಿ. ಅಲ್ಲಿಗೆ ಅವಳು ತೊಳೆಯಲು ಮಾತ್ರ ಹೋಗಿದ್ದಾಳೆ.

ಆ ವರ್ಷ ಏಣಿ ಹತ್ತುವ ಗಂಡಾಳುಗಳು ಹೆಚ್ಚು ಕೂಲಿಯ ತೋಟ ಹುಡುಕಿಕೊಂಡು ಹೋಗಿಬಿಟ್ಟಿದ್ದರು. ಮೆಣಸು ಹಣ್ಣಾಗಿ ಉದುರತೊಡಗಿತ್ತು. ತೋಟದ ಕೆಲಸ ಹಂಚುವ ರೈಟರ್ ಯೋಗೇಶ್ ಬೆಳಗಿನ ಹಾಜರಿಯಲ್ಲಿ ಹೆಂಗಸರ ಮುಖ ನೋಡುತ್ತ ನಿಂತ. ಗಂಗಾಮಣಿಯತ್ತ ಬೆರಳು ತೋರಿಸಿದ. ಮೆಣಸಿನ ಏಣಿ ಎಂದರೆ ಒಂದೇ ಬಿದಿರು. ಗೆಣ್ಣಿನ ಹತ್ತಿರ ಕಡಿದು ಬಿಟ್ಟ ಮೋಟುಗಳೇ ಮೆಟ್ಟಿಲು. ಅದರ ಮೇಲೆ ಪಾದ ಊರಿ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದ ನೆತ್ತಿಯವರೆಗೆ ಹೋಗಬೇಕು. ಒಂದು ಮೋಟು ಮುರಿದಿತ್ತು. ಅಲ್ಲಿ ಹಗ್ಗ ಬಿಗಿದಿದ್ದರು. ಗಂಗಾಮಣಿ ಆ ಹಗ್ಗ ನೋಡಿದಳು. ಯೋಗೇಶನಿಗೂ ಅದು ಕಾಣುತ್ತಿತ್ತು. ಹತ್ತುವುದಿಲ್ಲ ಎಂದು ಅವಳು ಹೇಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಹೂಂ ಎಂದಳು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತಿದಳು.

ಕೆಳಗೆ ಏಣಿ ಹಿಡಿದಿದ್ದವಳು ಲೈನಿನ ಪಕ್ಕದ ಮನೆಯ ಕಮಲಮ್ಮ. ಹಗ್ಗ ಜಾರಿತು. ಏಣಿ ತಿರುಗಿತು. ಗಂಗಾಮಣಿಯ ಬಾಯಿ ಮರದ ಬೊಡ್ಡೆಗೆ ಬಡಿಯಿತು. ಕಮಲಮ್ಮ ಅವಳನ್ನು ಕೂರಿಸಿ, ತರಗೆಲೆಯಲ್ಲಿ ಕೈಯಾಡಿಸಿ ಹಲ್ಲು ಹುಡುಕಿದಳು. ಕೈಗೆ ಸಿಕ್ಕಿದ್ದು ಬರೀ ಮೆಣಸಿನ ಕಾಳು.

ಆಸ್ಪತ್ರೆಗೆ ಹೋಗುವ ಜೀಪಿನಲ್ಲಿ ಯೋಗೇಶ್ ಹಿಂದಕ್ಕೆ ತಿರುಗಿ ಪಾಠ ಹೇಳಿಕೊಟ್ಟ. "ತೋಟದಲ್ಲಿ ಬಿದ್ದೆ ಅಂದ್ರೆ ಪೊಲೀಸು, ಲೇಬರ್ ಆಫೀಸು ಅಂತ ಸಾವ್ಕಾರ್ರಿಗೆ ತಾಪತ್ರಯ ಕಣೇ. ಬಚ್ಚಲಲ್ಲಿ ಜಾರ್ಬುಟ್ಟೆ ಅನ್ನು. ಮುಂದಿಂದು ಅಮ್ಮಾವ್ರು ನೋಡ್ಕತಾರೆ." ಬಾಯಿ ತುಂಬ ರಕ್ತ ಇಟ್ಟುಕೊಂಡು ಅವಳು ತಲೆಯಾಡಿಸಿದಳು. ಆಗಲೂ ಕೈ ಬಾಯಿಗೆ ಅಡ್ಡ ಇತ್ತು. ರಕ್ತ ತಡೆಯಲು ಹಿಡಿದಿದ್ದಾಳೆ ಎಂದು ನೋಡಿದವರು ತಿಳಿದಿರಬೇಕು.

ಈ ಕೈಯ ವಿಷಯ ಹೇಳಲೇಬೇಕು. ಗಂಗಾಮಣಿಯ ಅವ್ವ ಪಾಳ್ಯದ ಊರಾಚೆಯ ಕೇರಿಯವಳು. ಗದ್ದೆಯ ಒಡೆಯರ ಮುಂದೆ ಮಾತಾಡುವಾಗ ಕೇರಿಯವರ ಉಸಿರು ಅವರಿಗೆ ತಾಗಬಾರದು. ಅದಕ್ಕೆ ಬಾಯಿಗೆ ಕೈ ಅಡ್ಡ ಹಿಡಿಯಬೇಕು. ಅವ್ವನಿಗೆ ಅದನ್ನು ಅವಳ ಅವ್ವ ಕಲಿಸಿದ್ದಳು. ಗಂಗಾಮಣಿ ಸಣ್ಣವಳಿದ್ದಾಗ ಒಮ್ಮೆ ಒಡೆಯರ ಜಗಲಿಯ ಮುಂದೆ ಬಾಯಿಬಿಟ್ಟು ನಕ್ಕಳು. ಅವ್ವ ಅಲ್ಲೇ, ಎಲ್ಲರೆದುರಿಗೆ, ಕಪಾಳಕ್ಕೆ ಬಾರಿಸಿದಳು. ಮನೆಗೆ ಬಂದ ಮೇಲೆ ಆ ಕೆನ್ನೆಗೆ ಎಣ್ಣೆ ಹಚ್ಚುತ್ತ ತಾನೇ ಅತ್ತಳು. ಹೊಡೆದದ್ದೂ ಅತ್ತದ್ದೂ ಸೇರಿ ಪಾಠ ಮನಸ್ಸಿನಲ್ಲಿ ಚೆನ್ನಾಗಿ ಕೂತಿತು.

ಮದುವೆಯಾಗಿ ಕುಳ್ಳಯ್ಯನ ಹಿಂದೆ ಈ ಎಸ್ಟೇಟಿಗೆ ಬಂದಾಗ ಆ ಕೈಯೂ ಜೊತೆಗೆ ಬಂತು. ಇಲ್ಲಿ ಹಾಗೆ ಹಿಡಿ ಎಂದು ಯಾರೂ ಹೇಳಲಿಲ್ಲ. ಕಾಲ ಬದಲಾಗಿದೆ ಎಂದು ಸಾಹುಕಾರರು ಸಭೆಗಳಲ್ಲಿ ಭಾಷಣ ಬೇರೆ ಮಾಡುತ್ತಾರೆ. ಆದರೆ ಅವಳು ಕೈ ಹಿಡಿದು ನಿಂತಾಗ ಇಳಿಸು ಎಂದೂ ಯಾರೂ ಹೇಳಲಿಲ್ಲ. ಬಂಗಲೆಯ ಹಿಂಬಾಗಿಲಿನಲ್ಲಿ ಕಾಫಿಗೆ ಅವಳಿಗೊಂದು ಬೇರೆ ಲೋಟ ಇತ್ತು. ಕುಡಿದು, ತೊಳೆದು, ನಲ್ಲಿಯ ಪಕ್ಕದ ಗೂಡಿನಲ್ಲಿ ಬೋರಲು ಹಾಕಬೇಕು. ಅದನ್ನೂ ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಲೋಟ ಅಲ್ಲೇ ಇರುತ್ತಿತ್ತು, ಅಷ್ಟೆ.

ಹಲ್ಲು ಹೋದ ಮೇಲೆ ಕೈಗೆ ಇನ್ನೊಂದು ಕೆಲಸ ಸಿಕ್ಕಿತು. ಮೊದಲು ಬಂಗಲೆಯವರ ಮುಂದೆ ಮಾತ್ರ ಏಳುತ್ತಿದ್ದದ್ದು ಈಗ ಎಲ್ಲರ ಮುಂದೆ ಏಳತೊಡಗಿತು. ಮಾತಾಡಿದರೆ ಗಾಳಿ ಸೋರುತ್ತಿತ್ತು. ಹಾಜರಿ ಕೂಗುವಾಗ ಅವಳು "ಬಂದೀನಿ ಸಾರ್" ಎಂದರೆ ಯೋಗೇಶ್ ತುಟಿ ಒಳಗೆ ಮಡಚಿ ಅದನ್ನೇ ಅಣಕಿಸಿ ತೋರಿಸುತ್ತಿದ್ದ. ಮುದ್ದೆ ನುಂಗುವವರಿಗೆ ಹಲ್ಲು ಯಾಕೆ ಎಂದು ಕೇಳುತ್ತಿದ್ದ. ಹೆಂಗಸರು ನಗುತ್ತಿದ್ದರು. ನಗದಿದ್ದರೆ ಮರುದಿನ ಇಳಿಜಾರಿನ ಕಳೆ ಕೆಲಸ ಬೀಳುತ್ತದೆಂದು ಅವರಿಗೂ ಗೊತ್ತಿತ್ತು. ಗಂಗಾಮಣಿಯೂ ಕೈಯ ಹಿಂದೆ ನಗುತ್ತಿದ್ದಳು. ಮಧ್ಯಾಹ್ನ ಎಲ್ಲರ ಜೊತೆ ಬುತ್ತಿ ಬಿಚ್ಚಲು ನಾಚಿಕೆಯಾಗಿ ಕಾಫಿ ಗಿಡದ ಮರೆಗೆ ಹೋಗಿ, ರೊಟ್ಟಿಯನ್ನು ನೀರಲ್ಲಿ ನೆನೆಸಿ ತಿನ್ನುತ್ತಿದ್ದಳು. ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಒಮ್ಮೆ ಹೋಗಿದ್ದರು. ದರ ಕೇಳಿ ಕುಳ್ಳಯ್ಯ ಕೂತಿದ್ದ ಬೆಂಚಿನಿಂದ ಎದ್ದುಬಿಟ್ಟಿದ್ದ.

ಹೀಗಿರುವಾಗ ಒಂದು ದಿನ ಸಾಹುಕಾರರ ಹೆಂಡತಿ ರಾಜಲಕ್ಷ್ಮಮ್ಮ ಅವಳನ್ನು ಹಿಂಬಾಗಿಲಿಗೆ ಕರೆಸಿದರು. ಅವರ ಮಗಳು ಸ್ನೇಹಾ ಘಟ್ಟದ ಕೆಳಗಿನ ಒಂದು ದಂತ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಅಲ್ಲಿ ಕಲಿಯುವ ಹುಡುಗ ಹುಡುಗಿಯರೇ ಬಡವರಿಗೆ ಹಲ್ಲು ಕಟ್ಟುತ್ತಾರಂತೆ, ದೊಡ್ಡ ಡಾಕ್ಟರು ಪಕ್ಕದಲ್ಲಿ ನಿಂತು ನೋಡುತ್ತಾರಂತೆ, ಅದಕ್ಕೇ ಖರ್ಚು ಕಡಿಮೆಯಂತೆ. ಸ್ನೇಹಾಗೆ ಪರೀಕ್ಷೆಗೆ ಒಂದು ಬಾಯಿ ಬೇಕಾಗಿತ್ತು. ಮುಂದಿನ ಹಲ್ಲಿಲ್ಲದ, ಹೇಳಿದ ದಿನ ಬಂದು ಕೂರುವ, ನಡುವೆ ಕೈಕೊಡದ ಬಾಯಿ. ರಾಜಲಕ್ಷ್ಮಮ್ಮ ಹಾಗೆ ಹೇಳಲಿಲ್ಲ.

"ನಿನ್ನ ಪುಣ್ಯ ಕಣೇ ಗಂಗಾ. ನಮ್ಮ ಮಗಳ ಕೈಯಲ್ಲೇ ಹಲ್ಲು ಕಟ್ಟಿಸ್ಕೊಳ್ಳೋದು ಅಂದ್ರೆ ಏನು ಕಮ್ಮಿನಾ ಮಾರಾಯ್ತಿ?" ಎಂದರು.

ಗಂಗಾಮಣಿಗೆ ಸಂತೋಷವಾಯಿತು. ಆಮೇಲೆ ಬಹಳ ದಿನ ಅವಳನ್ನು ಸುಟ್ಟದ್ದು ಈ ಸಂತೋಷವೇ. ಅವರ ಮೆಣಸು ಕೊಯ್ಯಲು ಹೋಗಿ ಹಲ್ಲು ಕಳೆದುಕೊಂಡವಳು, ಅವರೇ ಹಲ್ಲು ಕೊಡಿಸುತ್ತಾರೆ ಎಂದಾಗ ಕೈ ಮುಗಿದಳು.

ಕಾಲೇಜಿನ ಆಸ್ಪತ್ರೆ ಎಂದರೆ ಹಜಾರದಂಥ ಉದ್ದನೆಯ ಹಾಲು. ಸಾಲಾಗಿ ಕುರ್ಚಿಗಳು. ಒಂದೊಂದರ ಮೇಲೂ ಒಬ್ಬೊಬ್ಬರು, ಬೀಡಿ ಕಟ್ಟುವವರು, ಮೀನು ಮಾರುವವರು, ಗಾರೆ ಕೆಲಸದವರು, ಅಂಗಾತ ಮಲಗಿ ಬಾಯಿ ತೆರೆದುಕೊಂಡಿದ್ದರು. ಇಷ್ಟು ಜನ ಇಷ್ಟು ಬಹಿರಂಗವಾಗಿ ಬಾಯಿ ತೆರೆದಿದ್ದನ್ನು ಗಂಗಾಮಣಿ ಎಂದೂ ಕಂಡಿರಲಿಲ್ಲ. ಹುಳುಕು ಹಲ್ಲು, ಕರಿ ಹಲ್ಲು, ಹಲ್ಲಿಲ್ಲದ ಒಸಡು, ಯಾರಿಗೂ ನಾಚಿಕೆ ಇದ್ದಂತೆ ಕಾಣಲಿಲ್ಲ. ಅವರನ್ನು ನೋಡಿ ಇವಳಿಗೇ ನಾಚಿಕೆಯಾಯಿತು.

ಜೀಪಿನಲ್ಲಿ ಬರುವಾಗ ಸ್ನೇಹಾ ಅವಳನ್ನು ನೀನು ಎಂದು ಮಾತಾಡಿಸಿದ್ದಳು. ಬಿಳಿ ಕೋಟು ಹಾಕಿ ಹಾಲಿನೊಳಗೆ ಬಂದ ಮೇಲೆ ನೀವು ಎಂದಳು. ಕೂತ್ಕೊಳ್ಳಿ, ಹಿಂದಕ್ಕೆ ಒರಗಿ, ಬಾಯಿ ತೆರೀರಿ ಎಂದಳು. ಗಂಗಾಮಣಿಯ ಕೈ ಎದ್ದು ಬಾಯಿಗೆ ಅಡ್ಡ ಬಂತು. ಸ್ನೇಹಾ ಅದನ್ನು ಮೆಲ್ಲಗೆ ಇಳಿಸಿದಳು. ಮತ್ತೆ ಬಂತು. ಪಕ್ಕದ ಕುರ್ಚಿಯ ಹುಡುಗರು ಮುಸಿಮುಸಿ ನಕ್ಕರು. ಕೊನೆಗೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಳ್ಳಲು ಸ್ನೇಹಾ ಹೇಳಿದಳು. ಗಂಗಾಮಣಿ ಹಾಗೇ ಮಾಡಿದಳು. ಕೈ ಕಟ್ಟಿಹಾಕಿದ ಮೇಲೆ ಉಸಿರು ಹಿಡಿದಳು. ಕಣ್ಣಲ್ಲಿ ನೀರು ಬರುವವರೆಗೆ ಹಿಡಿದಳು.

"ಉಸಿರಾಡಿ. ಯಾಕೆ ಹಿಡ್ಕೊಂಡಿದ್ದೀರಾ?" ಎಂದು ಸ್ನೇಹಾ ಕೇಳಿದಳು.

ಹೇಗೆ ಹೇಳುವುದು? ಈ ಹುಡುಗಿ ತಪ್ಪುಹೆಜ್ಜೆ ಇಡುವಾಗ ಒಮ್ಮೆ ಬಂಗಲೆಯ ಅಂಗಳದಲ್ಲಿ ಮುಗ್ಗರಿಸಿ ಬಿದ್ದಿತ್ತು. ಎತ್ತಿಕೊಳ್ಳಲು ಓಡಿದ ಗಂಗಾಮಣಿಯನ್ನು ಮನೆಯವರು ಜಗಲಿಯಿಂದಲೇ ಕೂಗಿ ತಡೆದಿದ್ದರು. ಈಗ ಅದೇ ಹುಡುಗಿಯ ಬೆರಳು ಇವಳ ನಾಲಿಗೆಯ ಮೇಲಿತ್ತು. ಬೆರಳಿಗೆ ರಬ್ಬರಿನ ಗ್ಲೌಸು ಇತ್ತು ನಿಜ. ಆದರೆ ಆ ಹಾಲಿನಲ್ಲಿ ಎಲ್ಲರೂ ಎಲ್ಲರಿಗಾಗಿ ಗ್ಲೌಸು ಹಾಕಿದ್ದರು. ಅದು ಇವಳೊಬ್ಬಳಿಗಾಗಿ ಹಾಕಿದ್ದಲ್ಲ. ಗಂಗಾಮಣಿಯ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ನೋವಾಯಿತೆಂದು ತಿಳಿದು ಸ್ನೇಹಾ ಒರೆಸಿದಳು. ಆ ಹುಡುಗಿಯ ಕೈ ಹಗುರವಾಗಿತ್ತು. ಅದನ್ನು ಅಲ್ಲಗಳೆಯುವಂತಿಲ್ಲ.

ಹೋದಾಗಲೆಲ್ಲ ಒಂದೊಂದು ಕೆಲಸವಾಯಿತು. ಮುರಿದು ಉಳಿದಿದ್ದ ಬೇರು ಕಿತ್ತರು. ಗಾಯ ಮಾಗಲು ಬಿಟ್ಟರು. ತಣ್ಣನೆಯ ಹಿಟ್ಟಿನಂಥದ್ದನ್ನು ಬಾಯಿಗೆ ಒತ್ತಿ ಅಚ್ಚು ತೆಗೆದರು. ಕೊನೆಗೆ ಕೆಂಪು ಒಸಡಿನ, ಪಕ್ಕಕ್ಕೆ ತಂತಿ ಬಾಗಿಸಿದ ಹಲ್ಲಿನ ಸೆಟ್ಟು ಬಂತು. ಹಾಕಿ ತೆಗೆಯುವಂಥದ್ದು. ಸ್ನೇಹಾ ಕನ್ನಡಿ ಹಿಡಿದಳು. ಕನ್ನಡಿಯಲ್ಲಿ ಗಂಗಾಮಣಿಗೆ ಏಣಿ ಹತ್ತುವ ಮುಂಚಿನ ತನ್ನ ಮುಖ ಕಂಡಿತು. ಜೊತೆಗೇ ತಂತಿ ಒಸಡಿಗೆ ಚುಚ್ಚಿತು.

"ಎಲ್ಲಾದ್ರೂ ಒತ್ತುತ್ತಾ?" ಎಂದಳು ಸ್ನೇಹಾ.

ಪಕ್ಕದ ಕುರ್ಚಿಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬಳಿಗೂ ಅದೇ ಹೊತ್ತಿಗೆ ಸೆಟ್ಟು ಹಾಕುತ್ತಿದ್ದರು. ಅವಳು ಅದನ್ನು ಕಿತ್ತು ಹುಡುಗನ ಕೈಗೆ ಕೊಟ್ಟು, "ಇಲ್ಲಿ ಚುಚ್ಚುತ್ತದೆ ಮಾರಾಯ್ರೆ, ಸ್ವಲ್ಪ ಕೆರೆದು ಕೊಡಿ" ಎಂದಳು. ಅವನು ಯಂತ್ರದಲ್ಲಿ ಕೆರೆದು ಮತ್ತೆ ಹಾಕಿದ. ಅವಳು ಮತ್ತೆ ಕಿತ್ತು ಕೊಟ್ಟಳು. ಆ ಹಾಲಿನ ಕೆಲಸ ನಡೆಯುವುದೇ ಹಾಗೆ. ಕಲಿಯುವವರು ಕೇಳಬೇಕು, ಕೂತವರು ದೂರಬೇಕು, ಅವರು ಕೆರೆಯಬೇಕು. ಗಂಗಾಮಣಿ ಅದನ್ನೆಲ್ಲ ಕಣ್ಣಾರೆ ನೋಡಿದಳು. ಆದರೆ ಸಾಹುಕಾರರ ಮಗಳು ತನ್ನ ಎಂಜಲು ಮುಟ್ಟಿ ಮಾಡಿದ್ದನ್ನು ಸರಿಯಿಲ್ಲ ಎನ್ನುವುದುಂಟೆ?

"ಸರಿಯಾಗೈತೆ ಚಿಕ್ಕಮ್ಮಾರೆ" ಎಂದಳು.

ಸ್ನೇಹಾ ಮತ್ತೆ ಕೇಳಿದಳು. ಇವಳು ಮತ್ತೆ ಅದನ್ನೇ ಹೇಳಿದಳು. ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡಳು. ಲೈನಿನಲ್ಲಿ ಬದುಕಿದವರು ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಹಾಗೇ ಹೇಳುತ್ತಿದ್ದರು.

ಪರೀಕ್ಷೆಗೆ ಹೋಗುವ ಬೆಳಿಗ್ಗೆ ರಾಜಲಕ್ಷ್ಮಮ್ಮ ಜೀಪಿನವರೆಗೂ ಬಂದು, ಏನು ಕೇಳಿದರೂ ಚೆನ್ನಾಗಿದೆ ಎನ್ನಬೇಕು, ಅದರ ಮೇಲೆ ಒಂದು ಮಾತೂ ಆಡಬಾರದು ಎಂದು ತಾಕೀತು ಮಾಡಿದರು. ಅಷ್ಟರಲ್ಲಿ ಒಸಡು ಹುಣ್ಣಾಗಿತ್ತು.

ಪರೀಕ್ಷೆಗೆ ಹೊರಗಿನ ಊರಿನಿಂದ ಬಂದ ಡಾಕ್ಟರು ಇಂಗ್ಲಿಷಿನಲ್ಲಿ ಸ್ನೇಹಾಳನ್ನು ಏನೇನೋ ಕೇಳಿದರು. ಆಮೇಲೆ ಸ್ನೇಹಾಳ ಟೀಚರು ಶಾಹೀನ್ ಮೇಡಂ ಗಂಗಾಮಣಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ತಲೆಗೆ ಬಿಳಿ ವಸ್ತ್ರ ಸುತ್ತಿದ, ವಯಸ್ಸಾದ ಹೆಂಗಸು. ಮುಖಕ್ಕೆ ಮುಖ ಕೊಟ್ಟು ಕೇಳಿದರು.

"ಗಂಗಾಮಣಿಯವರೇ, ಹೆದರ್ಕೊಬೇಡಿ, ನಿಜ ಹೇಳಿ. ನೋವಿದೆಯಾ?"

ಗಂಗಾಮಣಿಯವರೇ ಎಂದು ಅವಳನ್ನು ಹುಟ್ಟಿದಾಗಿನಿಂದ ಯಾರೂ ಕರೆದಿರಲಿಲ್ಲ. ಹೇಳಿಬಿಡಬೇಕು ಅನಿಸಿತು. ತಲೆಯೆತ್ತಿದರೆ ಸ್ನೇಹಾ ನಿಂತಿದ್ದಳು. ಆ ಹುಡುಗಿ ಕೋಟಿನ ಅಂಚು ಹಿಂಡುತ್ತ ಇವಳ ಬಾಯಿಯನ್ನೇ ನೋಡುತ್ತಿದ್ದಳು.

"ಇಲ್ಲ. ಚೆನ್ನಾಗೈತೆ."

"ಹಲ್ಲು ಹೇಗೆ ಹೋಯ್ತು?"

"ಬಚ್ಚಲಲ್ಲಿ ಜಾರ್ಬುಟ್ಟೆ."

ಶಾಹೀನ್ ಮೇಡಂ ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಸರಿ ಎಂದು ಎದ್ದರು.

ವಾಪಸ್ಸು ಬರುವಾಗ, ಘಟ್ಟದ ತಿರುವುಗಳಲ್ಲಿ, ಗಂಗಾಮಣಿ ಜೀಪಿನ ಹಿಂದಿನ ಸೀಟಿನಲ್ಲಿ ಸೆರಗಿನ ಮರೆಯಲ್ಲಿ ಸೆಟ್ಟು ತೆಗೆದಳು. ರಕ್ತ ಅಂಟಿತ್ತು. ಮೊದಲ ಸುಳ್ಳನ್ನು ಯೋಗೇಶ್ ಹೇಳಿಸಿದ್ದ. ಆಗ ಅವಳು ನೋವಿನಲ್ಲಿದ್ದಳು, ಹೆದರಿದ್ದಳು. ಈ ಸುಳ್ಳಿಗೆ ಅಂಥ ನೆಪವಿರಲಿಲ್ಲ. ಒಬ್ಬರು ಮನುಷ್ಯಳೆಂದು ಬಗೆದು ಎದುರು ಕೂತು ಕೇಳಿದ್ದರು. ಅಂಥವರಿಗೇ ಸುಳ್ಳು ಹೇಳಿ ಬಂದಳು. ಅವಳಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಮುಂದಿನ ಸೀಟಿನಲ್ಲಿ ಸ್ನೇಹಾ ಫೋನಿನಲ್ಲಿ ಅಮ್ಮನಿಗೆ ಎಲ್ಲ ಚೆನ್ನಾಗಿ ಆಯಿತೆಂದು ಹೇಳುತ್ತಿದ್ದಳು.

ಪರೀಕ್ಷೆ ಮುಗಿದ ಮೇಲೆ ಜೀಪು ಕಾಲೇಜಿನ ಕಡೆ ಹೋಗಲಿಲ್ಲ. ಗಂಗಾಮಣಿಯ ಬಾಯಿಯ ಕೆಲಸವೂ ಮುಗಿಯಿತು ಎಂದಾಯಿತು. ಬಂಗಲೆಗೆ ಹೋಗುವಾಗ ಸೆಟ್ಟು ಹಾಕಿಕೊಳ್ಳುತ್ತಿದ್ದಳು, ಬಂದ ಕೂಡಲೇ ತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಒಂದು ದಿನ ನೀರಿನ ನಲ್ಲಿಯ ಹತ್ತಿರ ಬಾಯಿ ಮುಕ್ಕಳಿಸುವಾಗ ಕಮಲಮ್ಮ ಒಸಡಿನ ಹುಣ್ಣು ನೋಡಿಬಿಟ್ಟಳು. ಇದನ್ನು ಹಾಕಿಕೊಳ್ಳಬೇಡ, ಹೋಗಿ ಹೇಳು ಎಂದು ಬೈದಳು. ಏನೆಂದು ಹೇಳುವುದು, ಚೆನ್ನಾಗಿದೆ ಎಂದವಳು ನಾನೇ ಅಲ್ಲವೆ ಎಂದು ಗಂಗಾಮಣಿ ಕೊಡ ಎತ್ತಿಕೊಂಡು ಹೋದಳು.

ಮತ್ತೆ ಮೆಣಸು ಹಣ್ಣಾಯಿತು. ಗಂಡಾಳುಗಳು ಈ ವರ್ಷವೂ ಸಾಲದಾದರು. ಅದೇ ಬಿದಿರಿನ ಏಣಿ ಸ್ಟೋರಿನ ಗೋಡೆಗೆ ಬಂದು ಒರಗಿತು. ಮುರಿದ ಮೋಟಿಗೆ ಹೊಸ ಹಗ್ಗ ಬಿಗಿದಿದ್ದರು. ಶನಿವಾರದ ಹಾಜರಿಯಲ್ಲಿ ಯೋಗೇಶ್ ಸೋಮವಾರದಿಂದ ಏಣಿಗೆ ಕಮಲಮ್ಮ ಎಂದ. ಕಮಲಮ್ಮ ಏಣಿ ನೋಡಿದಳು. ಆಮೇಲೆ ಗಂಗಾಮಣಿಯ ಕಡೆ ನೋಡಿದಳು. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಸುಮ್ಮನೆ ನೋಡಿದಳು. ಗಂಗಾಮಣಿ ನೆಲ ನೋಡಿದಳು. ಬಿದ್ದವಳು ಏಣಿಯಿಂದ ಬಿದ್ದೆ ಎಂದು ಹೇಳಿದ್ದರೆ ಆ ಏಣಿ ಇಷ್ಟು ಹೊತ್ತಿಗೆ ಒಲೆ ಸೇರಿರುತ್ತಿತ್ತು. ಕಮಲಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಹೂಂ ಎಂದಳು.

ಮರುದಿನ ಭಾನುವಾರ ಬಂಗಲೆಯಲ್ಲಿ ಊಟ. ಸ್ನೇಹಾ ಪಾಸಾಗಿದ್ದಳು. ಅವಳ ಗೆಳತಿಯರೂ ಶಾಹೀನ್ ಮೇಡಂ ಕೂಡ ಘಟ್ಟ ಹತ್ತಿ ಬಂದಿದ್ದರು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಗಂಗಾಮಣಿಗೆ ಹಲ್ಲು ಹಾಕಿಕೊಂಡು ಮುಂದಿನ ಜಗಲಿಗೆ ಬಾ ಎಂದು ಕರೆ ಬಂತು. ಕೈಯ ಬೂದಿ ತೊಳೆದು, ಸೊಂಟದಿಂದ ಬಟ್ಟೆಯ ಗಂಟು ಬಿಚ್ಚಿ, ಸೆಟ್ಟು ಹಾಕಿಕೊಂಡು ಹೋದಳು. ಇಷ್ಟು ವರ್ಷದಲ್ಲಿ ಆ ಜಗಲಿ ಹತ್ತಲು ಅವಳನ್ನು ಕರೆದದ್ದು ಅದೇ ಮೊದಲು. ಅವಳು ಮೆಟ್ಟಿಲ ಕೆಳಗೇ ನಿಂತಳು.

ಜಗಲಿಯ ಮೇಜಿನ ಮೇಲೆ ತಟ್ಟೆಯಲ್ಲಿ ಪಿಂಗಾಣಿ ಕಪ್ಪುಗಳು. ರಾಜಲಕ್ಷ್ಮಮ್ಮ ಎಲ್ಲರಿಗೂ ಕೇಳುವಂತೆ, ಪಾಪ, ಬಚ್ಚಲಲ್ಲಿ ಬಿದ್ದು ಹಲ್ಲು ಕಳೆದುಕೊಂಡಿದ್ದಳು, ನಮ್ಮ ಸ್ನೇಹಾನೇ ಕಟ್ಟಿಕೊಟ್ಟಿದ್ದು ಎಂದರು. ನಗು, ಎಲ್ಲರೂ ನೋಡಲಿ ಎಂದರು. ಗಂಗಾಮಣಿ ತುಟಿ ಎಳೆದಳು. ತಂತಿ ಹುಣ್ಣಿಗೆ ಇಳಿಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಸಂತೆಯಲ್ಲಿ ದನದ ಹಲ್ಲು ಹಿಡಿದು ನೋಡುವಾಗ ದನ ಹೇಗೆ ನಿಂತಿರುತ್ತದೋ ಹಾಗೆ ಅವಳು ನಿಂತಿದ್ದಳು.

ಶಾಹೀನ್ ಮೇಡಂ ಚಪ್ಪಾಳೆ ತಟ್ಟಲಿಲ್ಲ. ಊಟ ಮಾಡಲು ಆಗುತ್ತದೆಯೇ ಎಂದು ಅವಳನ್ನೇ ಕೇಳಿದರು. ಗಂಗಾಮಣಿಯ ಕೈ ಬಾಯಿಗೆ ಅಡ್ಡ ಎದ್ದಿತು. ಅವಳು ಉತ್ತರ ಹೇಳುವ ಮೊದಲೇ ರಾಜಲಕ್ಷ್ಮಮ್ಮ, "ಅವಳಿಗೇನು, ಹುರಿಗಡ್ಲೆ ಕಟಕಟ ಅಗೀತಾಳೆ" ಎಂದರು.

ಗಂಗಾಮಣಿಗೆ ತನ್ನ ಕೈಯ ಅಂಚಿನ ಮೇಲಿಂದ ಸ್ಟೋರಿನ ಗೋಡೆ ಕಾಣುತ್ತಿತ್ತು. ಗೋಡೆಗೆ ಏಣಿ ಒರಗಿತ್ತು. ಹೊಸ ಹಗ್ಗ ಬೆಳ್ಳಗೆ ಕಾಣುತ್ತಿತ್ತು. ಬಾಯಿಯ ಎದುರಿಗಿದ್ದ ಕೈಯನ್ನು ಅವಳು ಬಾಯಿಯೊಳಗೆ ಹಾಕಿದಳು. ಸೆಟ್ಟು ಕಿತ್ತಳು. ಮೆಟ್ಟಿಲು ಹತ್ತಿದಳು. ಪಿಂಗಾಣಿ ಕಪ್ಪುಗಳ ನಡುವೆ ತಟ್ಟೆಯಲ್ಲಿ ಇಟ್ಟಳು. ಎಂಜಲಿನ ಜೊತೆ ರಕ್ತದ ಎಳೆಯೊಂದು ತಟ್ಟೆಗೆ ಹತ್ತಿತು.

"ಥೂ, ಅಲ್ಲಿಂದ ತೆಗಿಯೇ ಅದನ್ನ" ಎಂದರು ರಾಜಲಕ್ಷ್ಮಮ್ಮ.

"ಇದು ನಿಮ್ ಮಗಳ ಪರೀಕ್ಷೆ ಅಮ್ಮಾರೆ. ನನ್ ಹಲ್ಲಲ್ಲ. ನನ್ ಹಲ್ಲು ನಿಮ್ ಮೆಣಸಿನ ಮರದ ಬುಡದಾಗೆ ಬಿದ್ದವೆ."

ಮಾತಿನ ಜೊತೆ ಗಾಳಿ ಸೋರಿತು. ಯಾರೂ ನಗಲಿಲ್ಲ. ಅಂಗಳದಲ್ಲಿ ನಿಂತಿದ್ದ ಯೋಗೇಶ್ ಅವಳನ್ನು ಆಚೆ ಕರೆದ. ಅವಳು ತಿರುಗಿ ನೋಡಲಿಲ್ಲ. ಎರಡೂ ಕೈ ಕೆಳಗಿದ್ದವು. ಶಾಹೀನ್ ಮೇಡಂ ಕಡೆ ನೋಡಿ ಹೇಳಿದಳು.

"ಅವತ್ತು ನೀವು ಕೇಳಿದ್ರಿ ತಾಯಿ. ನಾನು ಸುಳ್ಳು ಹೇಳ್ದೆ. ನೋವೈತೆ. ಮೊದ್ಲಿಂದ್ಲೂ ಐತೆ. ಬಚ್ಚಲಲ್ಲಿ ಬಿದ್ದಿಲ್ಲ. ಅಲ್ಲೈತಲ್ಲ, ಆ ಏಣಿಯಿಂದ ಬಿದ್ದೆ. ನಾಳೆ ಕಮಲಮ್ಮನ್ನ ಹತ್ತಿಸ್ತಾರೆ."

ಸ್ನೇಹಾ ಕುರ್ಚಿಯಿಂದ ಎದ್ದಳು. ಅಳು ತಡೆಯುತ್ತ ಕೇಳಿದಳು. "ನಾನು ಕೇಳ್ದೆ ಅಲ್ವಾ ಗಂಗಾ? ಎಷ್ಟು ಸಲ ಕೇಳ್ದೆ. ನೀನ್ಯಾಕೆ ಹೇಳ್ಲಿಲ್ಲ?"

ಆ ಮಾತು ನಿಜವಾಗಿತ್ತು. ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಗಂಗಾಮಣಿಗೆ ಕಣ್ಣು ತುಂಬಿ ಬಂತು, ಸಿಟ್ಟಿಗೋ ನಾಚಿಕೆಗೋ ಅವಳಿಗೇ ತಿಳಿಯಲಿಲ್ಲ.

"ಕೇಳಿದ್ರಿ ಚಿಕ್ಕಮ್ಮಾರೆ. ನಿಜ. ನಿಮ್ಮನೆಯೋರ ಎದ್ರಿಗೆ ನೋವು ಅನ್ನಾದ ನಮಗ್ಯಾರೂ ಕಲಿಸ್ಲಿಲ್ಲ. ಬಾಯಿ ಮುಚ್ಕೊಳಾದ ಕಲಿಸಿದ್ರು. ಅದನ್ನ ನೀವೂ ನೋಡಿದ್ರಿ. ಕೈ ತೊಡೆ ಕೆಳಗೆ ಇಟ್ಕೊ ಅಂದ್ರಿ. ಯಾಕೆ ಏಳ್ತದೆ ಅಂತ ಕೇಳ್ಲಿಲ್ಲ."

ಸಾಹುಕಾರರು ಒಳಗಿನ ಕೋಣೆಯಲ್ಲಿದ್ದರು. ಟೀವಿಯ ಸದ್ದು ನಿಂತಿತು, ಅವರು ಹೊರಗೆ ಬರಲಿಲ್ಲ. ಶಾಹೀನ್ ಮೇಡಂ ಎದ್ದು ಹಲ್ಲಿನ ಸೆಟ್ಟನ್ನು ಬರಿಗೈಯಲ್ಲಿ ತಟ್ಟೆಯಿಂದ ತೆಗೆದು, ತಮ್ಮ ಕರವಸ್ತ್ರದಲ್ಲಿ ಸುತ್ತಿ ಗಂಗಾಮಣಿಗೆ ಕೊಟ್ಟರು. ಕಾಲೇಜಿಗೆ ಬನ್ನಿ, ಸರಿಮಾಡಿ ಕೊಡುತ್ತಾರೆ, ಅದಕ್ಕೆ ಯಾರ ಜೀಪೂ ಬೇಕಿಲ್ಲ ಎಂದು ಮೆಲ್ಲಗೆ ಹೇಳಿದರು. ಹೇಳುವಾಗ ಅವರೂ ನೆಲ ನೋಡುತ್ತಿದ್ದರು. ಪಾಸು ಮಾಡಿದವರಲ್ಲಿ ಅವರೂ ಒಬ್ಬರು.

ಗಂಗಾಮಣಿ ಅರ್ಧ ತಿಕ್ಕಿದ ಪಾತ್ರೆಗಳನ್ನು ಹಾಗೇ ಬಿಟ್ಟು ಲೈನಿಗೆ ಇಳಿದಳು. ಗೆದ್ದೆ ಎಂದೇನೂ ಅನಿಸಲಿಲ್ಲ. ಇಷ್ಟು ಹೇಳಲು ಇಷ್ಟು ದಿನ ಬೇಕಾಯಿತೇ ಎಂದು ನಾಚಿಕೆಯಾಗುತ್ತಿತ್ತು. ವಿಷಯ ತಿಳಿದ ಕುಳ್ಳಯ್ಯ ತಲೆ ಮೇಲೆ ಕೈಹೊತ್ತು ಕೂತ. ಮನೆ ಎಸ್ಟೇಟಿನದು, ಖಾಲಿ ಮಾಡು ಎಂದರೆ ಎಲ್ಲಿಗೆ ಹೋಗುವುದು ಎಂದು ಕೇಳಿದ. ಗೊತ್ತಿಲ್ಲ ಎಂದಳು.

ಸೋಮವಾರದ ಹಾಜರಿಯಲ್ಲಿ ಯೋಗೇಶ್ ಎಲ್ಲರ ಹೆಸರು ಕೂಗಿದ, ಅವಳದನ್ನು ಬಿಟ್ಟ. ಅವಳು ಸಾಲಿನಲ್ಲಿ ನಿಂತೇ ಇದ್ದಳು. ಏಣಿಗೆ ಕಮಲಮ್ಮ ಎಂದ. ಕಮಲಮ್ಮನ ಕೈ ಮೇಲೆದ್ದಿತು. ಎದೆಯವರೆಗೆ ಬಂತು. ಅಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು.

"ನಾ ಹತ್ತಲ್ಲ ರೈಟ್ರೆ" ಎಂದಳು ಕಮಲಮ್ಮ.

ಯೋಗೇಶ್ ಮುಂದಿನವಳ ಹೆಸರು ಕೂಗಿದ. ಅವಳೂ ಏಣಿಯ ಕಡೆ ಹೆಜ್ಜೆ ಇಡಲಿಲ್ಲ. ಅಷ್ಟು ನೋಡಿಕೊಂಡು ಗಂಗಾಮಣಿ ಸಾಲಿನಿಂದ ಹೊರಬಂದು ರಸ್ತೆಗೆ ನಡೆದಳು. ಹೆಂಗಸರಿಗೆ ಟಿಕೆಟ್ಟಿಲ್ಲದ ಕೆಂಪು ಬಸ್ಸು ಬಂತು. ಘಟ್ಟ ಇಳಿಯಿತು.

ಕಾಲೇಜಿನ ಹಾಲಿನಲ್ಲಿ ಈ ಸಲ ಅವಳ ಪಾಲಿಗೆ ಬಂದದ್ದು ಕನ್ನಡಕ ಹಾಕಿದ ಇನ್ನೊಬ್ಬ ಹುಡುಗಿ. ಹಳೆಯ ಚೀಟಿ ನೋಡಿ, ಬಚ್ಚಲಲ್ಲಿ ಬಿದ್ದು ಹೋದ ಹಲ್ಲು ಅಲ್ಲವೇ ಎಂದು ಕೇಳಿದಳು. ಗಂಗಾಮಣಿಯ ಕೈ ತಾನಾಗಿ ಎದ್ದು ಗಲ್ಲದವರೆಗೆ ಬಂದಿತ್ತು. ಅವಳಿಗೆ ಅದು ತಿಳಿಯಿತು. ಇನ್ನೂ ಬಿಡಲಿಲ್ಲವಲ್ಲ ಇದು ಎಂದು ಮೈಯೆಲ್ಲ ನಾಚಿಕೆಯಾಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದು ಇಳಿಸಿ ಮಡಿಲಲ್ಲಿ ಇಟ್ಟುಕೊಂಡಳು.

"ಅದು ಸುಳ್ಳು ಕಣವ್ವ. ಮೊದ್ಲು ಹೊಡ್ದಾಕು ಅದನ್ನ. ಎಸ್ಟೇಟ್ ಕೆಲ್ಸದಲ್ಲಿ ಏಣಿಯಿಂದ ಬಿದ್ದದ್ದು ಅಂತ ಬರ್ಕೊ."

ಹುಡುಗಿ ಹಳೆಯದಕ್ಕೆ ಗೀಟು ಹೊಡೆದು ಹಾಗೆಯೇ ಬರೆದಳು. ಸೆಟ್ಟು ಹಾಕಿ, ಎಲ್ಲಾದರೂ ಒತ್ತುತ್ತದೆಯೇ ಎಂದು ಕೇಳಿದಳು. ಗಂಗಾಮಣಿ ಬೆರಳಿಟ್ಟು ತೋರಿಸಿದಳು. ಇಲ್ಲಿ. ಇಲ್ಲೂ. ಹುಡುಗಿ ಕೆರೆದು ತಂದಳು. ಈಗ ಎಂದಳು.

"ಇನ್ನೂ ಐತೆ" ಎಂದಳು ಗಂಗಾಮಣಿ.

ಮತ್ತೆ ಕೆರೆದು ತಂದು, ಬಾಯಿ ದೊಡ್ಡದಾಗಿ ತೆರೆಯಲು ಹೇಳಿ ಹುಡುಗಿ ಹತ್ತಿರಕ್ಕೆ ಬಗ್ಗಿದಳು. ಗಂಗಾಮಣಿ ಬಾಯಿ ತೆರೆದಳು. ಅವಳ ಉಸಿರು ತಾಗಿ ಹುಡುಗಿಯ ಕನ್ನಡಕ ಮಸುಕಾಯಿತು. ಅವಳು ಉಸಿರು ಹಿಡಿಯಲಿಲ್ಲ.